ಎಡಗಡೆ ಸೀಟಿನಲ್ಲಿ ಕೂತವನು

ಬಾಗಿಲು ಸ್ವಲ್ಪ ಮುಂದೆ ಮಾಡಿ. ಮಕ್ಕಳು ಮಲಗಿದ್ದಾರೆ ತಾನೆ? ಇದು ಅವರ ಕಿವಿಗೆ ಬೀಳೋದು ಬೇಡ...

ನಮ್ಮ ದೊಡ್ಡಪ್ಪನ ಮಗಳು ಗೊತ್ತಲ್ಲ, ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡೋಳು? ಇದು ಆ ಅಕ್ಕನಿಗೆ ಆದದ್ದು. ದಿನವಿಡೀ ಬಾಗಿಲು ಮುಚ್ಚಿದ ಕೋಣೇಲಿ ಕೂತು, ಯಾರಿಗೆ ಎಷ್ಟು ಸಣ್ಣ ಸದ್ದು ಕೇಳುತ್ತೆ ಅಂತ ಬರೆಯೋದೇ ಅವಳ ಕೆಲಸ. ಹಾಗಾಗಿ ಅವಳು ಸದ್ದು ಬಂತು ಅಂದ್ರೆ ಬಂದಿದೆ ಅಂತಲೇ. ಬರಲಿಲ್ಲ ಅಂದ್ರೆ... ಅದೂ ಅಷ್ಟೇ ನಿಜ.

ಭಾವ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಅರ್ಧ ಊರಿಗೆ ಕಾರು ಕಲಿಸಿದವರು. ಕಲಿಯೋಕೆ ಬಂದವರು ಗೋಡೆಗೆ ಗುದ್ದಿದ್ರೂ "ಪರವಾಗಿಲ್ಲ, ಇನ್ನೊಂದು ಸಲ ನೋಡೋಣ" ಅನ್ನೋ ಮನುಷ್ಯ. ಆ ತಾಳ್ಮೆಯೆಲ್ಲಾ ಊರಿಗೆ ಹಂಚಿ, ಮನೆ ಹೊಸ್ತಿಲು ದಾಟೋ ಹೊತ್ತಿಗೆ ಕೈ ಖಾಲಿ.

ಮದುವೆಯಾಗಿ ನಾಲ್ಕನೇ ವರ್ಷ ಅಕ್ಕನಿಗೆ ಐದು ತಿಂಗಳಾಗಿದ್ದಾಗ ಗರ್ಭ ಹೋಯ್ತು. ಅವತ್ತು ಮಧ್ಯಾಹ್ನ ಮನೇಲಿ ಒಬ್ಬಳೇ ಇದ್ಲು. ಭಾವನಿಗೆ ಫೋನ್ ಮೇಲೆ ಫೋನ್. ಎತ್ತಲಿಲ್ಲ. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ರು. ಸಂಜೆ ಬಂದ ಭಾವ, "ಫೋನ್ ಬ್ಯಾಗಲ್ಲಿತ್ತು" ಅಂದ್ರು. ಅಷ್ಟೇ. ಆಮೇಲೆ ಐದು ವರ್ಷ ಆ ಮಾತು ಮನೇಲಿ ಯಾರೂ ಎತ್ತಲಿಲ್ಲ.

ಅವಳ ಅತ್ತೇನೇ ಹೇಳಿದ್ದು, "ಇಬ್ರೂ ಎಲ್ಲಾದ್ರೂ ಹೋಗಿ ಬನ್ನಿ. ಒಬ್ಬರ ಮುಖ ಒಬ್ಬರು ನೋಡಿ ಎಷ್ಟು ಕಾಲ ಆಯ್ತೋ" ಅಂತ. ಹೊರಟ್ರು. ಬೆಟ್ಟ ಹತ್ತಿ, ರಾಷ್ಟ್ರೀಯ ಉದ್ಯಾನದ ಕಾಡು ಹಾದು, ಆಚೆ ಮಗ್ಗುಲಿಗೆ ಇಳಿಯೋ ರಸ್ತೆ. ನೋಡೋಕೆ ಸ್ವರ್ಗವಂತೆ. ಅಕ್ಕ ಸ್ವರ್ಗ ನೋಡಿದ್ದು ಕಮ್ಮಿ. ಭಾವನಿಗೆ ಮಂಡಿನೋವು, ಸ್ಟೀರಿಂಗು ಅಕ್ಕನ ಕೈಲಿ. ಪ್ರತಿ ತಿರುವಿಗೂ ಪಕ್ಕದಿಂದ ಪಾಠ. "ಗೇರ್ ಇಳಿಸು. ಇಳಿಸು ಅಂದೆ. ಹಾರ್ನ್ ನಿಮ್ಮಪ್ಪ ಬಂದು ಹೊಡೀತಾರಾ?"

ಸಂಜೆ ಒಂದು ವ್ಯೂ ಪಾಯಿಂಟ್ ಹತ್ರ ನಿಲ್ಲಿಸಿದ್ರು. ಕಣಿವೆ ನೋಡಿ ವಾಪಸ್ ಬರ್ತಾ ಇದ್ದಾರೆ. ಹೊತ್ತು ಮುಳುಗಿದೆ. ಕಾರಿನವರೆಗೂ ಕಾಲುದಾರಿ, ದಾರಿ ಪಕ್ಕ ಒಂದು ಪಾಳು ಬಾವಿ. 'ಪ್ರಾಣಿಗಳಿವೆ, ಸದ್ದು ಮಾಡಬೇಡಿ' ಅಂತ ಬೋರ್ಡು. ಹಾಗಾಗಿ ಜಗಳವೂ ಪಿಸುಮಾತಲ್ಲೇ.

"ಇವತ್ತು ಯಾವ ದಿನ, ಗೊತ್ತೇನ್ರೀ?"

"ಶುಕ್ರವಾರ."

"ಅದಲ್ಲ... ಐದು ವರ್ಷ ಆಯ್ತು."

ಭಾವ ಕಾರಿನ ಕಡೆ ಕಣ್ಣು ಹಾಯಿಸಿದ್ರು. ಆಮೇಲೆ, "ಇನ್ನೂ ಅದಕ್ಕೇ ಜೋತು ಬಿದ್ದಿದ್ದೀಯಾ? ಹೋದದ್ದು ಹೋಯ್ತು. ಗಾಡೀನ ಸೊಟ್ಟ ನಿಲ್ಲಿಸಿದ್ದೀಯ ನೋಡು."

ಜೇಬು ತಡವಿಕೊಂಡ್ರು. ಕನ್ನಡಕ ಅಲ್ಲೇ ಬೆಂಚಿನ ಮೇಲೆ ಬಿಟ್ಟಿದ್ದಾರೆ. ತರೋಕೆ ತಿರುಗಿ ಹೋದ್ರು. ಅಕ್ಕ ಕಾರಲ್ಲಿ ಕೂತ್ಲು. ಕೀ ತಿರುಗಿಸಿದ್ಲು... ಹೊರಟೇಬಿಟ್ಲು.

ಯಾಕೆ ಅಂತ ಅವಳಿಗೇ ಗೊತ್ತಿಲ್ಲ. ನಾಲ್ಕು ತಿರುವು ದಾಟಿದ ಮೇಲೆ ಬ್ರೇಕ್ ಒತ್ತಿದ್ಲು. ಕಾಡು, ಕತ್ತಲೆ, ಅವರ ಫೋನೂ ಕಾರಲ್ಲೇ ಇದೆ. ತಿರುಗಿಸಿಕೊಂಡು ಬಂದ್ಲು. ಅಷ್ಟರಲ್ಲಿ ಮಂಜು ಇಳಿದಿತ್ತು. ರಸ್ತೆ ಅಂಚಲ್ಲಿ, ಆ ಬಾವಿ ಇದ್ದ ಕಡೆ, ಭಾವ ನಿಂತಿದ್ರು. ಅದೇ ಶರ್ಟು, ಅದೇ ನಿಲುವು. ಅಲ್ಲೆಲ್ಲಾ ಸಣ್ಣ ಜಲ್ಲಿ. ಕಾಲಿಟ್ರೆ ಚರ್ ಚರ್ ಅನ್ನಬೇಕು. ಅನ್ನಲಿಲ್ಲ. ಕಾರಿನ ಬಾಗಿಲು ಮಾತ್ರ... ಟಕ್.

ಎಡಗಡೆ ಸೀಟಲ್ಲಿ ಕೂತ್ರು.

"ತಪ್ಪಾಯ್ತು ರೀ, ಬಿಟ್ಟು ಹೋಗಬಾರದಿತ್ತು."

"ಇರಲಿ."

ಗಾಡಿ ತಿರುಗಿಸಿ ಇಳಿಯೋಕೆ ಶುರು ಮಾಡಿದ್ಲು. ಮೊದಲನೇ ತಿರುವಲ್ಲೇ ಗೇರು ಕರ್ರ್ ಅಂತ ಕಿರುಚಿಕೊಳ್ತು. ಅವರು ಏನೂ ಅನ್ನಲಿಲ್ಲ. ಎರಡನೇ ತಿರುವು... ಏನೂ ಇಲ್ಲ. ಒಂಬತ್ತು ವರ್ಷದಲ್ಲಿ ಮೊದಲನೇ ಸಲ ಪಕ್ಕದ ಸೀಟು ಸುಮ್ಮನಿತ್ತು. ಆ ಸುಮ್ಮನಿರುವಿಕೆಗೆ ಅಕ್ಕನ ಬಾಯಿ ಬಿಟ್ಟುಕೊಳ್ತು. ಅವತ್ತು ನೆಲದ ಮೇಲೆ ಎಷ್ಟು ಹೊತ್ತು ಬಿದ್ದಿದ್ದೆ, ಹನ್ನೊಂದು ಸಲ ಫೋನ್ ಮಾಡಿದೆ, ಆಸ್ಪತ್ರೇಲಿ ನರ್ಸು ಮಗೂನ ತೋರಿಸಿದಾಗ ನೋಡೋಕೆ ನಾನೊಬ್ಬಳೇ ಇದ್ದೆ... ಎಲ್ಲಾ ಹೇಳಿಬಿಟ್ಲು. ಅವರು ಪೂರ್ತಿ ಕೇಳಿದ್ರು.

ಆಮೇಲೆ ನಿಧಾನಕ್ಕೆ ಅಂದ್ರು, "ಫೋನ್ ಬ್ಯಾಗಲ್ಲಿರಲಿಲ್ಲ. ಕೈಲೇ ಇತ್ತು. ನಿನ್ನ ಹೆಸರು ಕಾಣಿಸ್ತು. ಕವುಚಿ ಇಟ್ಟೆ..."

ಅಕ್ಕ ಗಾಡಿ ನಿಧಾನ ಮಾಡಿದ್ಲು.

"ನಾನು ಬರಬೇಕಿತ್ತು. ತಪ್ಪು ನಂದೇ ಕಣೇ."

ಅಳು ಉಕ್ಕಿ ಬಂತು. ಮುಂದಿನ ಗಾಜು ಮಸುಕಾಯ್ತು, ಕಣ್ಣು ಒರೆಸಿಕೊಂಡ್ಲು. ಆಗ ಕಣ್ಣಿಗೆ ಬಿತ್ತು. ಅವಳ ಕಡೆ ಗಾಜಿಗೆ ಉಸಿರಿನ ಹಬೆ ಕಟ್ಟಿದೆ. ಎಡಗಡೆ ಗಾಜು... ಫಳಫಳ. ಕಿವಿ ಕೊಟ್ಟು ಕೇಳಿದ್ಲು. ಇಂಜಿನ್ ಸದ್ದು ಇದೆ. ಟೈರಿನ ಸದ್ದು ಇದೆ. ಒಬ್ಬರದೇ ಉಸಿರು. ಅವಳದು.

ಆದ್ರೂ ಗಾಡಿ ನಿಲ್ಲಿಸಲಿಲ್ಲ. "ಭಯ ಆಗಲಿಲ್ವಾ ಅಕ್ಕಾ?" ಅಂತ ಕೇಳಿದೆ. "ಆಯ್ತು ಕಣೋ. ಆದ್ರೆ ಆ ಮಾತು ಆಡಿದವರನ್ನ ಇಳೀರಿ ಅನ್ನೋಕೆ ಮನಸ್ಸು ಬರಲಿಲ್ಲ" ಅಂದ್ಲು.

ಕಾಡಿಂದ ಹೊರಗೆ ಹೋಗೋ ಕೆಳಗಿನ ಗೇಟು ಬಂತು. ಇಳಿದು ನಲ್ಲಿ ಹತ್ರ ಮುಖ ತೊಳೆದು ಬಂದ್ಲು. ಸೀಟು ಖಾಲಿ. ಗೇಟಿನ ಕಾವಲುಗಾರ ಒಂದು ಲೋಟ ಟೀ ಹಿಡ್ಕೊಂಡು ಬಂದ.

"ತಗೊಳ್ಳಿ ಅಮ್ಮಾ. ಬೆಳಗ್ಗೆಯಿಂದ ಅವಳು ಏನೂ ತಿಂದಿಲ್ಲ, ಇದಾದ್ರೂ ಕೊಡಿ ಅಂತ ಹೇಳಿ ಹೋದ್ರು ನಿಮ್ಮ ಯಜಮಾನ್ರು."

"ಎಲ್ಲಿಗೆ ಹೋದ್ರು?"

ಅವನು ಹೊರಗಡೆ ರಸ್ತೆ ಕಡೆ ಕೈ ತೋರಿಸಿದ. ಅಲ್ಲಿ ಯಾರೂ ಇಲ್ಲ. ಅಷ್ಟರಲ್ಲಿ ಅವನ ಸೊಂಟದ ವೈರ್‌ಲೆಸ್ಸು ಗೊರಗೊರ ಅಂತು... "ವ್ಯೂ ಪಾಯಿಂಟ್ ಹತ್ರ ಒಬ್ರು ಸಿಕ್ಕಿದ್ದಾರೆ. ಹೆಂಡತಿ ಬಿಟ್ಟು ಹೋದ್ರಂತೆ. ಜೀಪಲ್ಲಿ ಕರ್ಕೊಂಡು ಬರ್ತಾ ಇದ್ದೀವಿ."

ಮುಕ್ಕಾಲು ಗಂಟೆ ಆದ್ಮೇಲೆ ಜೀಪು ಬಂತು. ಭಾವ ಇಳಿದ್ರು. ಚಳಿಗೆ ತುಟಿ ನೀಲಿ. ಕಾರು ಯಾವುದೂ ವಾಪಸ್ ಬರಲೇ ಇಲ್ಲ ಅಂತಾರೆ ಅವರು. ಕೆಳಗೆ ಇಳಿದವರು ಹೆಂಡತಿ ಮುಖ ನೋಡಲಿಲ್ಲ, ಕಾರಿನೊಳಗೆ ಬಗ್ಗಿ ನೋಡಿದ್ರು.

"ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ಹಾಕಿಲ್ಲ ನೀನು."

ರಾತ್ರಿ ಲಾಡ್ಜಲ್ಲಿ ಅಕ್ಕ ಮೆಲ್ಲಗೆ ಕೇಳಿದ್ಲು. "ಅವತ್ತು ಫೋನ್ ಕೈಲೇ ಇತ್ತಲ್ವಾ? ನೋಡಿ ಕವುಚಿ ಇಟ್ರಿ, ಅಲ್ವಾ?"

ಭಾವನ ಮುಖ ಸುಣ್ಣವಾಯ್ತಂತೆ. ಫ್ಯಾನು ಕಿಟಿಕಿಟಿ ಅಂತಿತ್ತು. ಕೊನೆಗೆ ಕೇಳಿದ್ರು, "ಯಾರು ಹೇಳಿದ್ರು ನಿನಗೆ?"

ಅಷ್ಟೇ ಕೇಳಿದ್ದು. ತಪ್ಪಾಯ್ತು ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ. ಇಬ್ರೂ ಒಂದೇ ಮನೇಲಿದ್ದಾರೆ, ಒಂದೇ ಮೇಜಲ್ಲಿ ಉಣ್ತಾರೆ. ನೆಂಟರು ಸೇರಿದಾಗ ಭಾವ, "ನನ್ನ ಹೆಂಡ್ತಿ ನನ್ನನ್ನ ಹುಲಿಗೆ ಬಿಟ್ಟು ಬಂದಿದ್ಲು" ಅಂತ ನಗಿಸ್ತಾರೆ. ಎಲ್ಲರೂ ನಗ್ತಾರೆ. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋಗ್ತಾಳೆ.

ದುಃಖದಲ್ಲಿ ಏನೋ ಭ್ರಮೆ ಅಂತೀರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಹೋದ ವರ್ಷ ಅದೇ ದಾರೀಲಿ ಹೋಗೋ ಕೆಲಸ ಬಿತ್ತು. ಆ ಗೇಟಲ್ಲಿ ನಿಲ್ಲಿಸಿ, ಅದೇ ಕಾವಲುಗಾರನ್ನ ಹುಡುಕಿ ಕೇಳಿದೆ. ಅವನಿಗೆ ಚೆನ್ನಾಗಿ ನೆನಪಿದೆ, ಆ ದಿನದ್ದಕ್ಕೆ ಸಾಹೇಬರ ಕೈಲಿ ಬೈಸಿಕೊಂಡಿದ್ದನಂತೆ. ಕಾಡಿಗೆ ಹೋಗಿ ಬರೋರ ಲೆಕ್ಕ ಎರಡೂ ಗೇಟಿಂದ ಸೇರಿಸಿ ಬರೆದಿಡೋ ಹಳೇ ಪುಸ್ತಕ ತೆಗೆದು ತೋರಿಸಿದ. ಅಕ್ಕನ ಕಾರಿನ ನಂಬರು. ಆಣೆ ಮಾಡಿ ಹೇಳ್ತೀನಿ, ನನ್ನ ಈ ಕಣ್ಣಲ್ಲೇ ಓದಿದ್ದು.

ಒಳಗೆ ಹೋದವರು, ಇಬ್ಬರು. ಹೊರಗೆ ಬಂದವರು, ಮೂವರು.