ಸಿಪ್ರಿಯಾನೊ ತಾತನ ಆರಿದ ಒಲೆ

ಎರೆಂದಿ ಬಾವಿಯ ದಾರಿ ಹಿಡಿದಾಗ ಕತ್ತಲಾಗಿಹೋಗಿತ್ತು. ನಮ್ಮ ಪಕ್ಕದ ಮನೆಯ ಹುಡುಗಿ, ಸುಳ್ಳು ಹೇಳುವವಳಲ್ಲ. ಮಿಚೊಆಕಾನ್ ಸೀಮೆಯ ನಮ್ಮ ಬೆಟ್ಟದ ಹಳ್ಳಿಯಲ್ಲಿ ಅವಳಿಗೆ ನರ್ಸಿಂಗ್ ಕಲಿಕೆಯ ಕೊನೆಯ ವರ್ಷ. ಬೆಳಗಿನಿಂದ ಮನೆ ಮನೆ ಹತ್ತಿ ಇಳಿದು ಕಾಲು ಸೋತುಹೋಗಿತ್ತು. ಸಂಜೆ ಸಿಪ್ರಿಯಾನೊ ತಾತನ ಮನೆ. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು, ಒಂಟಿ ಜೀವ. ಪಟ್ಟಿ ಕಟ್ಟಿದಳು, ಇನ್ಸುಲಿನ್ ಚುಚ್ಚಿದಳು, "ಬರ್ತೀನಿ ತಾತಾ" ಅಂದಳು, ಹೊರಟಳು. ಇನ್ನೊಂದು ಮನೆ ಮುಗಿಸಿ ಈಗ ವಾಪಸ್ಸು.

ಬಾವಿಯ ಹತ್ತಿರ... ಕಿರ್ರ್... ಕಿರ್ರ್... ರಾಟೆಯ ಸದ್ದು. ಬುಳುಕ್ ಅಂತ ಕೊಡ ಮುಳುಗಿತು. ನೀಲಿ ಶಾಲು ಹೊದ್ದ ಹೆಂಗಸೊಬ್ಬಳು ಬೆನ್ನು ತೋರಿಸಿ ನಿಂತಿದ್ದಳು.

"ನರ್ಸಮ್ಮಾ... ಸಿಪ್ರಿಯಾನೊ ಕಾಲು ನೋಡ್ದ್ಯಾ?" ಪಿಸುಮಾತು.

"ಹೂಂ, ಪಟ್ಟಿ ಕಟ್ಟಿದೀನಿ."

"ಒಲೆ ನೋಡ್ದ್ಯಾ?"

"ಒಲೆನಾ? ನಾನೇನು ಅಡಿಗೆಯವಳಾ? ಸುಸ್ತಾಗಿದೆ, ಬಿಡಮ್ಮಾ."

ಹೆಂಗಸು ತಿರುಗಲಿಲ್ಲ. "ಒಲೆ ನೋಡದೇ ಸೂಜಿ ಚುಚ್ಚಿದ್ಯಾ..."

ಒಲೆ ಉರಿದಿಲ್ಲ ಅಂದರೆ ಊಟವೂ ಇಲ್ಲ, ಎರೆಂದಿಗೆ ಥಟ್ಟನೆ ಹೊಳೆಯಿತು. ಹೊಟ್ಟೆಗೆ ಏನೂ ಇಲ್ಲದವನಿಗೆ ಇನ್ಸುಲಿನ್ ಕೊಟ್ಟರೆ ರಕ್ತದ ಸಕ್ಕರೆ ಇಳಿದು ಪ್ರಾಣವೇ ಹೋದೀತು. ಉಂಡಿರಾ ಅಂತ ಒಂದು ಮಾತು ಕೇಳಿರಲಿಲ್ಲ! ಸಮಗ್ರ ಆರೈಕೆ ಅಂದರೇನು ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. "ಹುಣ್ಣಲ್ಲ ಕಣೇ, ಮನುಷ್ಯನ್ನ ನೋಡು. ಅವನ ಊಟ, ಮನೆ, ಮನಸ್ಸು, ಎಲ್ಲಾ ನೋಡು," ಅಂತ ಟೀಚರ್ ಸೊಲೆದಾದ್ ಎಷ್ಟು ಸಲ ಬಡಕೊಂಡಿದ್ದರೋ. ಆ ಪಾಠ ಈಗ ತಲೆಗೆ ಹತ್ತಿತು. ನಾಚಿಕೆಯಾಯಿತು, ಭಯವಾಯಿತು.

ಸೋತ ಕಾಲಲ್ಲೇ ತಾತನ ಮನೆಗೆ ಓಡಿದಳು. ಒಳಗೆ... ಗೊರ್... ಗೊರ್... ಉಸಿರು. ತಾತ ಬೆವರಲ್ಲಿ ತೊಯ್ದು ಬಿದ್ದಿದ್ದ. ಒಲೆ ಮುಟ್ಟಿದಳು. ತಣ್ಣಗಿತ್ತು. ಡಬ್ಬಗಳನ್ನು ತಡಕಿದಳು. ಒಂದು ಹಿಡಿ ಜೋಳವೂ ಇಲ್ಲ, ಏನೂ ಇಲ್ಲ.

ತಾತನನ್ನು ಮಗ್ಗುಲಿಗೆ ಹೊರಳಿಸಿ, ತನ್ನ ಚೀಲದ ಸಕ್ಕರೆ ತೆಗೆದು ವಸಡಿಗೆ ತಿಕ್ಕಿದಳು. ತಿಕ್ಕುತ್ತಲೇ ಅತ್ತಳು. ಬಹಳ ಹೊತ್ತಿನ ಮೇಲೆ ತಾತ ಕಣ್ಣು ಬಿಟ್ಟ.

"ಉಂಡು ಎರಡು ದಿನ ಆಯ್ತು ಮಗಳೇ... ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ತಾತ ಬದುಕಿಕೊಂಡ. ಇವತ್ತೂ ಇದ್ದಾನೆ, ಬೇಕಾದರೆ ಹೋಗಿ ಕೇಳಿ. ಟೀಚರ್ ಹತ್ತಿರ ಎರೆಂದಿ ತನ್ನ ತಪ್ಪನ್ನೆಲ್ಲ ಒಪ್ಪಿಕೊಂಡಳು, ಬೈಸಿಕೊಂಡಳು. ಒಂದನ್ನು ಮಾತ್ರ ಹೇಳಲಿಲ್ಲ. ಅದನ್ನು ನಮ್ಮಮ್ಮನ ಹತ್ತಿರ ಹೇಳಿದ್ದು, ನಾನೂ ಅಲ್ಲೇ ಕೂತಿದ್ದೆ, ದೇವರಾಣೆ...

ಸಕ್ಕರೆ ತಿಕ್ಕಲು ತಾತನ ಬಾಯಿ ಬಿಡಿಸಿದಾಗ, ಏನೂ ಇಲ್ಲದ ಆ ಮನೆಯಲ್ಲಿ, ನೀಲಿ ಶಾಲಿನವಳೇ ಇಟ್ಟಳೋ ಏನೋ, ಕೆನ್ನೆಯೊಳಗೆ ಆಗಲೇ ಒಂದು ಬೆಲ್ಲದ ಚೂರಿತ್ತಂತೆ. ಇನ್ನೂ ಕರಗಿರಲಿಲ್ಲ.