ಹೊಳೆಯಲ್ಲಿ ಹುಡುಕಿದ ದಿನ ನಾನು ಇದ್ದ ಸ್ಥಳದ ಬಗ್ಗೆ

ನಾನು ಗುರುಪಾದ ತಂದೆ ಅಂದಾನಪ್ಪ ಮುದೇನೂರ, ವಯಸ್ಸು 66 ವರ್ಷ, ನಿವೃತ್ತ ಬಸ್ ಕಂಡಕ್ಟರ್, ಹಾಲಿ ಒಕ್ಕಲುತನ, ಸಾ: ಕೊಣ್ಣೂರು, ತಾ: ನರಗುಂದ, ಜಿ: ಗದಗ. ನಾನು ಕಾಣೆಯಾದ ಬಗ್ಗೆ ನನ್ನ ಹೆಂಡತಿ ಸಿದ್ದವ್ವ ನಿನ್ನೆ ಕೊಟ್ಟ ದೂರಿನ ಸಂಬಂಧ ನಾನೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಆರು ವರ್ಷಗಳಿಂದ ನನಗೆ ಪ್ರೊಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟುತ್ತಿತ್ತು. ಎಷ್ಟು ಹೊತ್ತು ನಿಂತರೂ ಹನಿ ಹನಿಯಾಗಿ ಹೋಗುತ್ತಿತ್ತು. 28 ವರ್ಷ ಬಸ್ಸಿನಲ್ಲಿ ದುಡಿದ ನಾನು ನರಗುಂದದವರೆಗೆ ಬಸ್ ಹತ್ತಲೂ ಅಂಜುತ್ತಿದ್ದೆನು. ಮಗಳ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಗುಳಿಗೆಗಳಿಂದ ಗುಣವಾಗಲಿಲ್ಲ. ನನ್ನ ಮಾವನವರು ಇದೇ ಬೇನೆಗೆ ಆಪರೇಶನ್ ಆಗಿ ಹನ್ನೆರಡನೇ ದಿನ ದವಾಖಾನೆಯಲ್ಲೇ ತೀರಿಕೊಂಡಿದ್ದರು. ಆಪರೇಶನ್ ಎಂದರೆ ನನ್ನ ಹೆಂಡತಿ ಊಟ ಬಿಡುತ್ತಿದ್ದಳು. ಆದ್ದರಿಂದ ಆಕೆಗೆ ತಿಳಿಸಲಿಲ್ಲ. 11 ವರ್ಷ ನನ್ನ ಬಸ್ಸಿನ ಚಾಲಕರಾಗಿದ್ದ ನರಗುಂದದ ಮೈನುದ್ದೀನ ಅವರೊಬ್ಬರಿಗೇ ಹೇಳಿ, ಹಿಂದಿನ ವಾರ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿದ್ದೆನು.

ದಿನಾಂಕ 18-10-2024 ರಂದು ಬೆಳಿಗ್ಗೆ 5-40 ಕ್ಕೆ ಹೊಲಕ್ಕೆಂದು ಹೇಳಿ, ಮೊಬೈಲ್ ಮನೆಯಲ್ಲಿ ಬಿಟ್ಟು ಮೋಟರ್ ಸೈಕಲ್ ಮೇಲೆ ಹೊರಟೆನು. ಮಲಪ್ರಭಾ ಸೇತುವೆಯಿಂದ 30 ಅಡಿ ದೂರ ಗಾಡಿ ನಿಲ್ಲಿಸಿದೆನು. ಹೊಲದ ರಬ್ಬರ್ ಚಪ್ಪಲಿ ಅಲ್ಲಿಯೇ ಕಳಚಿ, ಬೂಟು ಹಾಕಿಕೊಂಡು, ಕಾಯುತ್ತಿದ್ದ ಮೈನುದ್ದೀನ ಅವರ ಕಾರಿನಲ್ಲಿ ಹುಬ್ಬಳ್ಳಿಗೆ ಹೋದೆನು.

ಆಪರೇಶನ್ ಮಾಡುವವರು ಡಾ. ನಿಲೋಫರ ಎಂಬ ಹೆಣ್ಣುಮಗಳು. ನಾನು ತಲೆ ತಗ್ಗಿಸಿದ್ದನ್ನು ನೋಡಿ, ತಮ್ಮ ತಂದೆಗೂ ಇದೇ ಆಗಿತ್ತೆಂದು ತಿಳಿಸಿದರು. 9-15 ಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಕಾಲು ನನ್ನವೆಂದು ಅನಿಸಲಿಲ್ಲ, ಆದರೆ ಎಚ್ಚರವಿದ್ದೆನು. ಪಕ್ಕದ ಪರದೆಯ ಮೇಲೆ ನನ್ನ ದೇಹದ ಒಳಗನ್ನು ನಾನೇ ನೋಡಿದೆನು. ದಾರದಷ್ಟು ಸಣ್ಣ ಎಳೆಯ ತುದಿಯಲ್ಲಿ ಲೇಸರ್ ಬೆಳಕು ಮಿನುಗುತ್ತಿತ್ತು. ಸಿಪ್ಪೆಯಿಂದ ಕಿತ್ತಳೆ ತೊಳೆ ಬಿಡಿಸಿದಂತೆ ಅದು ಗಡ್ಡೆಯನ್ನು ಬಿಡಿಸುತ್ತಿತ್ತು. 10-25 ಕ್ಕೆ ಮುಗಿಯಿತೆಂದರು. ಮೈಮೇಲೆ ಒಂದೂ ಹೊಲಿಗೆ ಇಲ್ಲ. ನಂಬದೆ ಎರಡು ಸಲ ಕೇಳಿದೆನು.

ಮೂತ್ರ ಹೋಗಲು ಹಾಕಿದ್ದ ನಳಿಕೆಯನ್ನು ಮಧ್ಯಾಹ್ನ 3-50 ಕ್ಕೆ ತೆಗೆದರು. 4-35 ಕ್ಕೆ ಮೂತ್ರಕ್ಕೆ ಹೋದೆನು. ಉರಿಯಿತ್ತು, ನಸುಗೆಂಪಿತ್ತು, ಆದರೆ ಸದ್ದು ಮಾಡುತ್ತ ಧಾರೆಯಾಗಿ ಬಂತು. ಗೋಡೆ ಹಿಡಿದುಕೊಂಡು ಅತ್ತೆನು. ಮೈನುದ್ದೀನ ಅವರು ಬಾಗಿಲು ಬಡಿದು ಏನಾಯಿತೆಂದು ಕೇಳಿದರು.

"ಕೇಳಸ್ತೈತೇನೋ ಮೈನೂ?" ಎಂದೆನು.

"ಕೇಳಸ್ತೈತಿ," ಎಂದರು.

ಕೆಲವು ದಿನ ಗಾಡಿ ಓಡಿಸಬಾರದೆಂದು ಹೇಳಿ ಆಸ್ಪತ್ರೆಯವರು 5-05 ಕ್ಕೆ ಮನೆಗೆ ಕಳುಹಿಸಿದರು. ಆದ್ದರಿಂದ ನನ್ನ ಗಾಡಿಯನ್ನು ಮೈನುದ್ದೀನ ಅವರೇ ಮನೆ ಮುಟ್ಟಿಸುವುದೆಂದು ಮೊದಲು ಸೇತುವೆಗೆ ಹೋದೆವು. 7-10 ಆಗಿತ್ತು. ಅಲ್ಲಿ ಸುಮಾರು 200 ಜನ ಹೊಳೆಗೆ ಬ್ಯಾಟರಿ ಬೆಳಕು ಬಿಡುತ್ತ ನಿಂತಿದ್ದರು. ಏನಾಗಿದೆ ಎಂದು ಕೇಳಿದಾಗ ನಮ್ಮ ಓಣಿಯ ಅಯ್ಯಪ್ಪ ಹಿಂದಿರುಗಿ ನೋಡದೆಯೇ, ಕಂಡಕ್ಟರ್ ಗುರುಪಾದಣ್ಣ ಹೊಳೆಗೆ ಹಾರಿದ್ದಾನೆಂದು ತಿಳಿಸಿದನು. ನಂತರ ತಿರುಗಿ ನೋಡಿ ಅಲ್ಲಿಯೇ ಕುಸಿದು ಕುಳಿತನು.

ದಡದಲ್ಲಿ ಈಜುಗಾರ ಫಕೀರಸಾಬ ಎಂಬುವರು ಒದ್ದೆ ಮೈಯಲ್ಲಿ ನಡುಗುತ್ತಿದ್ದರು. ನನಗೂ ಅವರಿಗೂ ಪರಿಚಯವಿಲ್ಲ. ನನ್ನ ಕೈ ಮುಟ್ಟಿ ನೋಡಿ, "ಏಳು ಸಲ ಮುಳುಗಿ ನೋಡೀನ್ರಿ, ನೀವು ಸಿಗಬಾರ್ದಂತ ಬೇಡಕೋತ," ಎಂದರು.

ನನ್ನ ಹೆಂಡತಿ ಗಾಡಿಯ ಪಕ್ಕ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಡೆದುಕೊಂಡು ಬರುತ್ತಿದ್ದ ನನ್ನನ್ನು ನೋಡಿಯೂ ಏಳಲಿಲ್ಲ. ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆನು. ಆಕೆ, "ಹೇಳಿದ್ರ ಬ್ಯಾಡ ಅಂತಿದ್ದೆ, ಖರೇ. ಆದ್ರ ಆಪರೇಶನ್ ಖೋಲಿ ಬಾಗಲದಾಗ ಕೂತಿರ್ತಿದ್ದೆ," ಎಂದಳು.

ನನ್ನನ್ನು ಯಾರೂ ಅಪಹರಿಸಿರುವುದಿಲ್ಲ, ಸಾಯುವ ವಿಚಾರವೂ ನನಗೆ ಇರಲಿಲ್ಲ. ಪೊಲೀಸರಿಗೂ ಊರವರಿಗೂ ಆದ ತೊಂದರೆಗೆ ಕ್ಷಮೆ ಕೇಳುತ್ತೇನೆ. ದೂರನ್ನು ಮುಕ್ತಾಯಗೊಳಿಸಲು ವಿನಂತಿ. ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಂಡೆನು. ನಾನು ಹೇಳಿದಂತೆಯೇ ಇದ್ದು, ಎಲ್ಲವೂ ಸತ್ಯವಿರುತ್ತದೆ.

ಸ್ಥಳ: ನರಗುಂದ
ದಿನಾಂಕ: 19-10-2024
ಸಹಿ: ಗುರುಪಾದ ಅಂ. ಮುದೇನೂರ