ಹೊಸ ಅಂಗಡಿಗೊಂದು ಡ್ಯಾನ್ಸು

ವಿಜಯಪುರದ ಬಸ್ ನಿಲ್ದಾಣದಲ್ಲಿ ನಂದಾ ಟಿಕೋಟಾ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಒಬ್ಬ ಅಪ್ಪ, ಪಿಯುಸಿ ಮುಗಿಸಿದ ಮಗಳು ಕೂತಿದ್ದರು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಡ್ಯಾನ್ಸಿನ ಡಿಗ್ರಿ ಅಂತ, ಡಿಗ್ರಿ! ಸುಮ್ನ ಬಿಬಿಎ ಸೇರು.”

“ಸಣ್ಣಾಕಿದ್ದಾಗಿಂದ ಭರತನಾಟ್ಯಕ್ಕ ಕಳಿಸಿದಾಂವ ನೀನ ಅಲ್ಲೇನಪ್ಪಾ?”

“ಹುಡುಗಿ ಚುರುಕಾಗ್ಲಿ ಅಂತ ಕಳಿಸ್ದೆ. ಮಂದಿ ಮುಂದ ಕುಣದು ಹೊಟ್ಟಿ ಹೊರಕೊಳ್ಳೂದು ಮಾನಗೇಡಿ ಕೆಲಸ.”

ಮಗಳು ಮುಖ ತಿರುಗಿಸಿದಳು. ಅಪ್ಪ ದನಿ ಮೆತ್ತಗೆ ಮಾಡಿದ.

“ಐತವಾರ ನಮ್ಮ ಹೊಸಾ ಅಂಗಡಿ ಓಪನಿಂಗ್ ಐತಲ್ಲಾ, ದೊಡ್ಡ ದೊಡ್ಡ ಮಂದಿ ಬರ್ತಾರ. ನೀ ಒಂದು ಡ್ಯಾನ್ಸ್ ಮಾಡಬೇಕವ್ವಾ. ಸ್ಟೇಜ್ ಹಾಕ್ಸೀನಿ.”

“ಅದು ಮಾನಗೇಡಿ ಅಲ್ಲೇನು?”

“ಅದು ಬ್ಯಾರೆ. ಅದು ಬಿಸಿನೆಸ್.”

ನಂದಾಳಿಗೆ ಕುಡಿಯುತ್ತಿದ್ದ ಚಹಾ ಬೇಡವಾಯಿತು. ಕಪ್ಪನ್ನು ಹಾಗೇ ಕಸದ ಡಬ್ಬಿಗೆ ಎಸೆದಳು.

ಅಷ್ಟರಲ್ಲಿ ಟಿಕೋಟಾ ಬಸ್ಸು ಬಂತು. ಹುಡುಗಿ ಬ್ಯಾಗು ಹೆಗಲಿಗೇರಿಸಿಕೊಂಡು ಎದ್ದಳು.

“ಬಿಸಿನೆಸ್ ನಿಂದಪ್ಪಾ. ನೀನ ಕುಣಿ.”

ಅವಳು ಬಸ್ ಹತ್ತಿ ಯಾರೋ ಮುದುಕಿಯ ಪಕ್ಕ ಕೂತುಬಿಟ್ಟಳು. ಅಪ್ಪ ನಂದಾಳ ಕಡೆ ತಿರುಗಿ, “ಈಗಿನ ಹುಡುಗ್ರು ನೋಡ್ರಿ!” ಎಂದು ಹಲ್ಲು ಕಿರಿದು ಹಿಂದೆಯೇ ಹತ್ತಿದ.

ಅವನಿದ್ದ ಬಸ್ಸಿನಲ್ಲಿ ಕೂರಲು ಹೇಸಿಕೆಯಾಗಿ ನಂದಾ ಆ ಬಸ್ಸನ್ನೇ ಬಿಟ್ಟಳು.